ಬಸಣ್ಣ ಅಂಕಲ್ ಅವರ ಗೇಣು

ಬಸಣ್ಣ ಅಂಕಲ್ ಅವರ ಬಲಗೈ ಹೆಬ್ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಪಂಪಿನ ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಆ ಮೋಟು ಬೆರಳಿನ ಕೈಯಲ್ಲೇ ಈ ಮಹಾನುಭಾವರು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯೊಂದರ ನೀರನ್ನೆಲ್ಲ ಗೇಣಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಅದನ್ನು ಅಡಿ, ಇಂಚಿಗೆ ತಿರುಗಿಸಿ ವರದಿ ಬರೆಯುವ ಕರ್ಮ ನನ್ನದು.

ರಾಕ್‌ವಿಲ್‌ನ ಒಂದು ಸಣ್ಣ ಕನ್ಸಲ್ಟಿಂಗ್ ಆಫೀಸಿನಲ್ಲಿ ನಮ್ಮಿಬ್ಬರಿಗೂ ಕೆಲಸ. ಕೋವಿಡ್ ಬಂದಮೇಲೆ ನಾನು ಆಲ್ಡಿ ಎಂಬ ಊರಿನ ನನ್ನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅಂಕಲ್ ಮಾತ್ರ ವಾರಕ್ಕೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು ಗಣಿಗೆ ಹೋಗುತ್ತಿದ್ದರು. ಮಳೆ ಬಂದಾಗ ಗುಡ್ಡದಿಂದ ಇಳಿಯುವ ಕಪ್ಪು ನೀರನ್ನು ಹೊಂಡದಲ್ಲಿ ತಡೆದು, ಕೆಸರು ತಳಕ್ಕೆ ಕೂತಮೇಲೆ ಕಲ್ಲಿದ್ದಲು ತೊಳೆಯಲು ಮೇಲಿನ ಟ್ಯಾಂಕಿಗೆ ಪಂಪ್ ಮಾಡಬೇಕು. ಹೊಂಡ ತುಂಬಿ ಕೋಡಿ ಬಿದ್ದರೆ ಮುಗಿಯಿತು, ಕೆಳಗೆ ಹಳ್ಳದ ದಂಡೆಯಲ್ಲಿರುವ ಏಳು ಮನೆಗಳ ಬಾವಿಗೆ ಆ ಮಸಿ ನೀರು ಸೇರುತ್ತದೆ.

ಅಂಕಲ್ ಪ್ರತಿವಾರ ಅಲ್ಲಿನ ಮೊದಲನೇ ಮನೆಯ ಅಜ್ಜಿಯ ಹತ್ತಿರ ಆ ಬಾವಿಯಿಂದ ಬರುವ ನಲ್ಲಿ ನೀರು ಒಂದು ಲೋಟ ಕೇಳಿ ಕುಡಿದೇ ಗುಡ್ಡ ಹತ್ತುತ್ತಿದ್ದರು. ಟೆಸ್ಟಿಗೆ ಕಳಿಸಿದ್ದೇವಲ್ಲ, ಯಾಕೆ ಈ ಹುಚ್ಚು ಅಂದರೆ, "ಲ್ಯಾಬಿನಿಂದ ರಿಪೋರ್ಟ್ ಬರೂದ್ರಾಗ ಆಕಿ ಎಷ್ಟು ಲೋಟ ಕುಡದಿರ್ತಾಳ, ತಂಗಿ?" ಅನ್ನುತ್ತಿದ್ದರು.

ಇಂಥ ಮನುಷ್ಯನಿಗೆ ಒಂದು ಟೇಪು ಹಿಡಿಯಲು ಏನು ಧಾಡಿ? ನಾನೇ ಮೂರು ಟೇಪು ತರಿಸಿಕೊಟ್ಟೆ. ಮೂರೂ ಕೆಸರು ಪಾಲಾದವು. ಹೊಂಡದಲ್ಲಿ ನೆಟ್ಟ ಅಳತೆಪಟ್ಟಿ ಪ್ರತಿ ವರ್ಷ ಹೂಳಿನಲ್ಲಿ ಮುಚ್ಚಿಹೋಗುತ್ತಿತ್ತು. ಅವರು ಒಂದು ಕೋಲನ್ನು ಕೋಡಿಯಿಂದ ನೀರಿನವರೆಗೆ ಇಳಿಬಿಟ್ಟು, ಮೇಲೆತ್ತಿ, ಗೇಣು ಹಾಕಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಟೇಪ್ ನೀರಾಗ ಹೋಗ್ತದ. ಕೈ ಎಲ್ಲಿ ಹೋಗ್ತದ?"

"ಅರ್ಧ ಆಗಲೇ ಹೋಗಿದೆಯಲ್ಲ ಅಂಕಲ್," ಅಂದಿದ್ದೆ ನಾನು. ನಕ್ಕರೇ ಹೊರತು ಬದಲಾಗಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಗಣಿಯಿಂದ ಫೋನು ಬಂತು. "ಬರಕೋ ತಂಗಿ. ಕೋಡಿಗೆ ಇನ್ನಾ ನಾಕು ಗೇಣು ಅದ." ಶನಿವಾರ ದೊಡ್ಡ ಮಳೆ ಎಂದು ಫೋರ್‌ಕಾಸ್ಟ್ ಇತ್ತು. ನೀರು ಎರಡೂವರೆ ಅಡಿ ಏರುತ್ತದೆ ಎಂದು ನನ್ನ ಲೆಕ್ಕ ಹೇಳಿತು. ಗೇಣಿಗೆ ಒಂಬತ್ತು ಇಂಚು, ನಾಲ್ಕು ಗೇಣಿಗೆ ಮೂರು ಅಡಿ. ಮಳೆಗೆ ಮುಂಚೆ ಪಂಪ್ ಓಡಿಸಬೇಕಾಗಿಲ್ಲ ಎಂದು ಗಣಿಯವರಿಗೆ ಮೇಲ್ ಹಾಕಿ, ಅಂಕಲ್‌ಗೂ ಒಂದು ಕಾಪಿ ಕಳಿಸಿ, ಕಾಫಿಗೆ ಎದ್ದೆ.

ಮಧ್ಯಾಹ್ನ ವಾಪಸ್ ಬರುವ ದಾರಿಯಲ್ಲಿ ಊಟಕ್ಕೆ ನಿಂತಾಗ ಅವರು ಆ ಮೇಲ್ ಓದಿ ನನಗೆ ಫೋನು ಮಾಡಿದರು.

"ನಾಕು ಗೇಣು ಮೂರು ಫೂಟ್ ಹೆಂಗಾತು?"

"ಒಂದು ಗೇಣು ಒಂಬತ್ತು ಇಂಚು ಅಲ್ವಾ ಅಂಕಲ್?"

"ಯಾರ ಗೇಣು?"

ಎಡಗೈಯಲ್ಲಿ ಫೋನು ಹಿಡಿದೇ ನನ್ನ ಬಲಗೈಯನ್ನು ಮೇಜಿನ ಮೇಲೆ ಅಗಲಿಸಿ ನೋಡಿದೆ. ನಾನು ವೀಣೆ ಕಲಿತವಳು, ಉದ್ದ ಬೆರಳಿನವಳು. ಎರಡು ವರ್ಷದಿಂದ ನೋಡಿದ್ದ, ಗೇಲಿ ಮಾಡಿದ್ದ ಆ ಮೋಟು ಹೆಬ್ಬೆರಳು ಲೆಕ್ಕ ಮಾಡುವಾಗ ನೆನಪಿಗೇ ಬಂದಿರಲಿಲ್ಲ. ಅವರ ಗೇಣು ಏಳೇ ಇಂಚು. ನಾಲ್ಕು ಗೇಣಿಗೆ ಇಪ್ಪತ್ತೆಂಟು ಇಂಚು, ಏರುವ ನೀರು ಮೂವತ್ತು. ಎರಡು ಇಂಚಿನ ಲೆಕ್ಕದಲ್ಲಿ ಏಳು ಬಾವಿ ಹಾಳಾಗುವುದಿತ್ತು.

ಅವರು ಬೈಯಲಿಲ್ಲ, ಕಾರನ್ನು ಮತ್ತೆ ಗಣಿಯ ಕಡೆ ತಿರುಗಿಸಿದರು. ಕತ್ತಲಾಗುವುದರೊಳಗೆ ಪಂಪ್ ಓಡಿತು. ಶನಿವಾರ ಸಂಜೆ ಮಳೆ ನಿಂತಾಗ ಫೋನು ಮಾಡಿ, "ಕೋಡಿಗೆ ನಾಕು ಬೆರಳು ಉಳದದ. ನನ್ನ ಬೆರಳು, ಮತ್ತ," ಅಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಟೇಪು ಹಿಡಿದಿದ್ದರೆ ಇದೆಲ್ಲ ಎಲ್ಲಿತ್ತು ಎಂದು ಹತ್ತು ನಿಮಿಷ ಕೂಗಾಡಿದೆ.

ಸೋಮವಾರ ಆಫೀಸಿಗೆ ನನ್ನನ್ನು ಕರೆಸಿದರು. ಇನ್ನು ಟೇಪು ಹಿಡಿಯುತ್ತಾರೆ ಅಂದುಕೊಂಡು ಹೋದರೆ, ಪ್ರಿಂಟರಿನಿಂದ ಒಂದು ಹಾಳೆ ಎಳೆದು, ಕೈ ಅಗಲಿಸಿಟ್ಟು, ಎಡಗೈಯಲ್ಲಿ ಸುತ್ತ ಗೆರೆ ಎಳೆದರು. ಕೆಳಗೆ ವಕ್ರವಕ್ರವಾಗಿ "ಬಸಣ್ಣನ ಗೇಣು" ಎಂದು ಬರೆದರು.

"ಇದನ್ನ ಫೈಲಿನಾಗ ಇಡು. ಮುಂದ ಬೇಕಾಗ್ತದ."

"ನೀವು ಸುಧಾರಿಸಲ್ಲ ಬಿಡಿ ಅಂಕಲ್," ಎಂದು ಹಾಳೆಯನ್ನು ಫೈಲಿಗೆ ತುರುಕಿದೆ. ಆ ತಿಂಗಳೇ ಅಂಕಲ್ ಕೆಲಸ ಬಿಟ್ಟು ಡುಲುತ್‌ನ ಮಗಳ ಮನೆಗೆ ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಹೋದ ಚಳಿಗಾಲ ತೀರಿಕೊಂಡರು ಎಂದು ಮಗಳು ಫೋನು ಮಾಡಿದರು.

ನಾನು ಒಂಬತ್ತು ಇಂಚಿನ ಲೆಕ್ಕದಲ್ಲಿ ವರದಿಗೆ ಬರೆದಿದ್ದ ಹಳೆಯ ಅಳತೆಗಳನ್ನೆಲ್ಲ ಈಗ ಇನ್‌ಸ್ಪೆಕ್ಟರುಗಳು ಸರಿಯಾದ ಅಡಿ, ಇಂಚಿನಲ್ಲಿ ಮತ್ತೆ ಕೇಳಿದ್ದಾರೆ. ಎರಡು ವರ್ಷದ ನೋಟ್‌ಬುಕ್ಕು, ಪುಟಪುಟದಲ್ಲೂ ಗೇಣು. ಹೋದಮೇಲೂ ಕಾಡುತ್ತಾರಲ್ಲ ಎಂದು ಗೊಣಗುತ್ತ ಫೈಲು ತೆಗೆದು ಆ ಹಾಳೆಯ ಮೇಲೆ ನನ್ನ ಕೈ ಇಟ್ಟೆ. ನನ್ನ ಹೆಬ್ಬೆರಳು ಗೆರೆ ದಾಟಿ ಆಚೆ ಹೋಯಿತು. ಅದನ್ನು ಒಳಕ್ಕೆ ಮಡಿಸಿಕೊಂಡು, ಮೊದಲನೇ ಪುಟದಿಂದ ಲೆಕ್ಕ ಶುರುಮಾಡಿದೆ.