ಸಿ.ಡಿ.ಯ ಅಂಚಿನಲ್ಲಿದ್ದ ಹಾಡು

ಬೀದರಿನ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಪಾರಿವಾಳ ಬೆದರಿಸಲೆಂದು ಒಂದು ಸಿ.ಡಿ. ತೂಗುತ್ತಿದೆ. ಪಾರಿವಾಳಗಳು ಅದಕ್ಕೆ ಕವಡೆ ಕಾಸಿನ ಕಿಮ್ಮತ್ತನ್ನೂ ಕೊಡುವುದಿಲ್ಲ.

ಅದು ಔರಾದದ ಶಾಂತಾಬಾಯಿಯ ಮದುವೆಯದು. ಈಗ ನಮ್ಮ ಓಣಿಯಲ್ಲೇ ಹೊಲಿಗೆ ಹಾಕುವ ಆಕೆ, ಬರದ ವರ್ಷಗಳಲ್ಲಿ ಗಂಡನೊಡನೆ ಪುಣೆಗೆ ದುಡಿಯಲು ಹೋಗಿದ್ದಳು. ಆಗ ಮೈದುನ, ನಮ್ಮ ಕಡೆಯ ರೂಢಿಯಂತೆ, ಬಾವಿಯ ಪಸೆಯಲ್ಲಿ ಬದುಕಿದ ನಾಲ್ಕು ಸಾಲು ಜೋಳಕ್ಕೆ ಹಕ್ಕಿ ಬಾರದಿರಲೆಂದು ಅದನ್ನು ಹೊಲದಲ್ಲಿ ಕಟ್ಟಿಬಿಟ್ಟಿದ್ದ.

“ನನ್ನ ಕಳಸೋ ಮುಂದ ನಮ್ಮವ್ವ ಹಾಡ್ಯಾಳ್ರಿ ಅಕ್ಕೋರ. ಆಕಿ ಹೋದ ಮ್ಯಾಲ ಆ ದನಿ ಮತ್ತೆಲ್ಲೂ ಇಲ್ರಿ,” ಎಂದು, ಪುಣೆಯಿಂದ ಮರಳಿದ ಮೇಲೆ ಅದನ್ನು ಬಿಚ್ಚಿ ನನಗೆ ತಂದುಕೊಟ್ಟಳು.

ಸಿ.ಡಿ.ಯೊಳಗೆ ಇರುವುದು ಒಂದೇ ಹಾದಿ. ನಡುವಿನಿಂದ ಹೊರಟು ಜಿಲೇಬಿಯಂತೆ ಸುತ್ತುತ್ತ ಅಂಚಿಗೆ ಬರುತ್ತದೆ. ಹಾಕಿ ನೋಡಿದಾಗ ಅರಿಶಿಣ, ಅಕ್ಷತೆ, ಊಟ ಎಲ್ಲ ನೆಟ್ಟಗೆ ಬಂದವು. ಮಗಳನ್ನು ಒಪ್ಪಿಸುವ ಹಾಡು ಕೊನೆಯದು, ಅಂಚಿನದು. ಬಿಸಿಲಿಗೆ ಸುಲಿದ ಅಂಚಿನಲ್ಲಿ ಚಿತ್ರ ನಿಂತೇಬಿಟ್ಟಿತು.

ಮೂಲವಿದ್ದದ್ದು ಆ ಮದುವೆ ಚಿತ್ರಿಸಿದ ಭಾಲ್ಕಿಯ ಸ್ಟುಡಿಯೋದ ಹಾರ್ಡ್ ಡಿಸ್ಕಿನಲ್ಲಿ. ಇಬ್ಬರೂ ಹೋದೆವು. ಮಾಲೀಕ ತಲೆಯೆತ್ತದೆ ಹೇಳಿದ: “ಊರು ಬಿಟ್ಟು ಹೋದೋರ್ದೆಲ್ಲ ಅಳಿಸೀನ್ರಿ. ಜಾಗಾ ಬೇಕಲ್ರಿ. ಅವ್ರು ತಿರುಗಿ ಬರ್ತಾರಂತ ಯಾರಿಗಿ ಗೊತ್ತದ?” ಊರಲ್ಲೇ ಉಳಿದ ಸಾಹುಕಾರರ ಮದುವೆಗಳು ಮಾತ್ರ ಕೂದಲು ಕೊಂಕದೆ ಇದ್ದವು. ನನ್ನ ಮೈ ಉರಿಯಿತು.

ಹಾರ್ಡ್ ಡಿಸ್ಕಿನ ಸಂಸಾರವೇ ಬೇರೆ, ಗೆಳೆಯರೇ. ಅಲ್ಲಿ ಒಂದರೊಳಗೊಂದು ಬಳೆಯಂಥ ಸುತ್ತುಗಳು. ಒಂದೇ ಮದುವೆ ಖಾಲಿ ಕಂಡಲ್ಲೆಲ್ಲ ಚೂರುಚೂರಾಗಿ ಕೂತಿರುತ್ತದೆ, ಯಾವ ಚೂರು ಎಲ್ಲಿದೆಯೆಂಬ ಗುರುತು ಮಾತ್ರ ಬೇರೆಡೆ ಇರುತ್ತದೆ. ಅಳಿಸಿದರೆ ಹೋಗುವುದು ಆ ಗುರುತಷ್ಟೇ. ಮೇಲೆ ಇನ್ನೊಂದನ್ನು ಬರೆಯುವ ತನಕ ಚೂರುಗಳು ಇದ್ದಲ್ಲೇ ಇರುತ್ತವೆ. ಬರ ನಮ್ಮ ಜನರನ್ನು ಚದುರಿಸಿ ಇಟ್ಟದ್ದೂ ಹೀಗೆಯೇ: ಅಣ್ಣ ಪುಣೆಯಲ್ಲಿ, ತಂಗಿ ಹೈದರಾಬಾದಿನಲ್ಲಿ, ಊರವರ ಪಾಲಿಗೆ ಮನೆತನವೇ ಇಲ್ಲ. ಇದ್ದವರನ್ನು ಇಲ್ಲವೆನ್ನಲು ಈ ಸ್ಟುಡಿಯೋದವನ್ಯಾರು?

ಜಗಳಾಡಿ ಡಿಸ್ಕನ್ನು ಇಸಿದುಕೊಂಡು ಬೀದರಿಗೆ ತಂದು, ಬಲ್ಲವರಿಂದ ಹುಡುಕಿಸಿದೆ. ಹಾಡಿನ ಮೇಲೆ ಯಾರ್ಯಾರದೋ ಮದುವೆ ಕೂತಿತ್ತು. ಸಿಕ್ಕದ್ದು ಒಂದು ಚೂರು: ತಾಯಿ ‘ಶಾಂತಾ’ ಎಂದು ಎಳೆದು ಕರೆದು, ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳುವಷ್ಟು.

“ಇಷ್ಟ ಸಾಕ್ರಿ ಅಕ್ಕೋರ,” ಎಂದು ಶಾಂತಾಬಾಯಿ ಕಣ್ಣೊರೆಸಿಕೊಂಡು, ಕೆಲಸಕ್ಕೆ ಬಾರದ ಸಿ.ಡಿ.ಯನ್ನು ತಾನೇ ನನ್ನ ಕಿಟಕಿಗೆ ಕಟ್ಟಿ ಹೋದಳು.

ಅದು ಗಾಳಿಗೆ ತಿರುಗಿದಾಗಲೆಲ್ಲ ಸುಲಿದ ಅಂಚು ಕಣ್ಣಿಗೆ ಬೀಳುತ್ತದೆ. ಅಷ್ಟಕ್ಕೇ ಸಾಕೆನ್ನುವುದನ್ನು ಆಕೆಗೆ ಕಲಿಸಿದವರು ಯಾರು? ಆ ಸಿಟ್ಟಿನಲ್ಲಿ ಇವತ್ತೂ ಒಲೆಯ ಮೇಲಿನ ಹಾಲು ಉಕ್ಕಿಸಿದೆ.