ಎರಡು ರೆಕ್ಕೆ, ಒಂದು ಮಾಡು

'ಮಾಡು' ಎಂಬ ಎರಡಕ್ಷರದ ಪದ ಕನ್ನಡದಲ್ಲಿ ಅಪ್ಪಣೆ, ತಮಿಳಿನಲ್ಲಿ ದನ. ಈ ಕ್ಷುಲ್ಲಕ ಸಂಗತಿ ಮದರಾಸಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆಲ್ಲ ಹಾಲುಹಲ್ಲು ಬೀಳುವ ಮೊದಲೇ ಗೊತ್ತಿರುತ್ತದೆ. ಅದನ್ನು ಹೇಳಿ ನಕ್ಕು, ನಕ್ಕದ್ದನ್ನು ಮರೆತು ದೊಡ್ಡವರಾಗುತ್ತೇವೆ. ನಾನು ಮಾತ್ರ ಮರೆಯಲಾರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಭಾನುವಾರ ಬೆಳಿಗ್ಗೆ ಪುರಸೈವಾಕ್ಕಂನ ನಮ್ಮ ಮನೆಯ ಮುಂದೆ ನಾಲ್ವರಿದ್ದೆವು: ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಸೋದರತ್ತೆ ಗೌರಮ್ಮ, ಗೇಟಿನ ಬಳಿ ಕ್ಯಾನು ಹಿಡಿದು ನಿಂತ ಹಾಲಿನ ಕನ್ನಿಯಮ್ಮ, ಮೋಟಾರ್ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಮೆಕ್ಯಾನಿಕ್ ಮುನುಸಾಮಿ, ಮತ್ತು ಇವರ ನಡುವೆ ನಿರಪರಾಧಿಯ ಮುಖಮುದ್ರೆ ಧರಿಸಲು ಹೆಣಗುತ್ತಿದ್ದ ಬ್ಯಾಂಕ್ ಗುಮಾಸ್ತನಾದ ನಾನು.

ನನಗೆ ಕನ್ನಡ ಕಲಿಸಿದವಳು ಅತ್ತೆ. ಶಾಲೆಯಿಂದ ತಮಿಳು ಮೆತ್ತಿಕೊಂಡು ಬಂದರೆ ಕಾಲು ತೊಳೆಯುವ ನೀರಿನಲ್ಲೇ ನಾಲಿಗೆಯನ್ನೂ ತೊಳೆಸಿ ಒಳಗೆ ಬಿಡುತ್ತಿದ್ದಳು. ಮೂವತ್ತು ವರ್ಷ ಮದರಾಸಿನಲ್ಲಿದ್ದೂ ಒಂದೇ ಒಂದು ತಮಿಳು ಪದಕ್ಕೆ ಹೊಸಿಲು ದಾಟಲು ಬಿಟ್ಟವಳಲ್ಲ. ಕನ್ನಿಯಮ್ಮನೊಂದಿಗೆ ಅವಳದು ಶುದ್ಧ ಸನ್ನೆಯ ಸ್ನೇಹ.

ಮೋಟಾರ್ ಸೈಕಲ್ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಚಿಕ್ಕಪ್ಪನದು. ಮದುವೆಗೆಂದು ತುಮಕೂರಿಗೆ ಹೊರಟಾಗ "ದಿನಾ ಒಂದ್ಸಲ ಸ್ಟಾರ್ಟ್ ಮಾಡು, ಓಡಿಸ್ಬೇಡ" ಎಂದಿದ್ದ. ಸ್ಟಾರ್ಟ್ ಮಾಡಿದ ಮೇಲೆ ಓಡಿಸದಿರುವುದು ವಾಹನಕ್ಕೆ ಎಸಗುವ ಅಪಮಾನವೆಂದು ಬಗೆದು, ಶನಿವಾರ ಕೋಡಂಬಾಕ್ಕಂಗೆ ಹೋಗಿ, ಕನ್ನಡ ಚಿತ್ರವೊಂದರ ಚಿತ್ರೀಕರಣವನ್ನು, ಅಂದರೆ ಸ್ಟುಡಿಯೋ ಕಾವಲುಗಾರನ ಬೆನ್ನನ್ನು, ಮನದಣಿಯೆ ನೋಡಿ ಮರಳುತ್ತಿದ್ದೆ. ನಮ್ಮ ಹಿಂದಿನ ಬೀದಿಯ ತಿರುವಿನಲ್ಲಿ ಕನ್ನಿಯಮ್ಮನ ತುಂಬುಗಬ್ಬದ ಕಡಸು ಅಡ್ಡ ನಿಂತಿತ್ತು. ಬ್ರೇಕು ಒತ್ತಿದೆ. ಗಾಡಿ ಮಗ್ಗುಲಾಗಿ ಜಾರಿ, ಹಸುವಿನ ಪಕ್ಕೆಗೆ ತಗುಲಿ, ಅದನ್ನು ಮಂಡಿಯೂರಿಸಿ, ದನ ಕಟ್ಟುವ ಕಲ್ಲಿಗೆ ಬಡಿದು, ಸಗಣಿಯ ರಾಶಿಯಲ್ಲಿ ವಿಶ್ರಮಿಸಿತು. ಹಸು ಎದ್ದಿತು, ನಾನೂ ಎದ್ದೆ. ಸುತ್ತ ಯಾರೂ ಇರಲಿಲ್ಲ. ನೀವಾಗಿದ್ದರೆ ನಿಂತು ನೋಡುತ್ತಿದ್ದಿರಿ. ನಾನು ಮನೆಯ ವಿರುದ್ಧ ದಿಕ್ಕಿಗೆ ಪಲಾಯನಗೈದೆ.

ಅದು ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಂಪಾಗುವ ಇಂಜಿನ್ನು. ಸುತ್ತಲೂ ಪದರ ಪದರವಾಗಿ ಲೋಹದ ರೆಕ್ಕೆಗಳು. ಅವುಗಳ ಸಂದಿನಲ್ಲಿ ಗಾಳಿ ನುಸುಳಿ ಕಾವನ್ನು ಹೊತ್ತೊಯ್ಯಬೇಕು. ಈಗ ಎರಡು ರೆಕ್ಕೆ ಮುರಿದಿದ್ದವು, ಉಳಿದವುಗಳ ಸಂದುಸಂದಿಗೂ ಸಗಣಿ ಗಿಡಿದಿತ್ತು. ನಾಲ್ಕು ಬೀದಿ ಸುತ್ತುವಷ್ಟರಲ್ಲಿ ಅದು ಒಣಗಿ, ಬೆಂದು, ಹೊಗೆಯಾಡಿ, ಇಂಜಿನ್ನು ಉಸಿರು ಬಿಟ್ಟಿತು. ಯಂತ್ರದ ಮೇಲೆ ಬೆರಣಿ ತಟ್ಟಿದ ಕೀರ್ತಿ ನಮ್ಮ ವಂಶದಲ್ಲಿ ನನ್ನದೇ ಮೊದಲು. ತಳ್ಳಿಕೊಂಡು ಮನೆ ಸೇರಿದೆ.

ಭಾನುವಾರ ಹಾಲು ತಂದ ಕನ್ನಿಯಮ್ಮನ ಕಣ್ಣು ಕೆಂಪಾಗಿತ್ತು. "ನೇತ್ತಿಲೇರುಂದು ಪುಲ್ಲು ತೊಡಲೇ, ಸಾರ್. ಎವನೋ ಪಾವಿ ಇಡಿಚ್ಚುಟ್ಟು ಪೋಯಿಟ್ಟಾನ್." ನಿನ್ನೆಯಿಂದ ಹಸು ಹುಲ್ಲು ಮುಟ್ಟಿಲ್ಲ, ಯಾವನೋ ಪಾಪಿ ಗುದ್ದಿ ಹೋಗಿದ್ದಾನೆ. ಚೊಚ್ಚಲು ಬಸಿರು, ಅವಳ ಎಣಿಕೆಯಂತೆ ಇನ್ನೂ ಹದಿನೈದು ದಿನವಿತ್ತು. ಕರು ಒಳಗೇ ಸತ್ತಿದೆಯೇನೋ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಪಾಪಿ ಬಾಯಿ ಬಿಡಲಿಲ್ಲ. ಪಾಪಿಯ ಎದೆಯೂ ಇಂಜಿನ್ನೂ ಒಂದೇ ಸ್ಥಿತಿಯಲ್ಲಿದ್ದವು.

ಆಗ ಮುನುಸಾಮಿ ರೆಕ್ಕೆಗಳ ನಡುವಿನಿಂದ ಕಂದು ಕೂದಲಿನ ಎಳೆಯೊಂದನ್ನು ಎಳೆದು, ಬೆಳಕಿಗೆ ಹಿಡಿದು, "ಮಾಡಾ ಸಾರ್?" ಎಂದ. ದನವೇ ಎಂದು ಅವನ ಪ್ರಶ್ನೆ. ರಿಪೇರಿಗೆ ಅನುಮತಿ ಕೇಳುತ್ತಿದ್ದಾನೆಂದು ತಿಳಿದ ಅತ್ತೆ ಜಗುಲಿಯಿಂದಲೇ, "ಮಾಡು, ಮಾಡು! ಅದಕ್ಕೂ ಕೇಳ್ಬೇಕೇನಪ್ಪ?" ಎಂದಳು.

ಮುನುಸಾಮಿ ಬೆಚ್ಚಿ ಎರಡು ಬೆರಳೆತ್ತಿದ. "ರೆಂಡು ಮಾಡಾ?"

ಅವನು ತೋರಿಸಿದ್ದು ಮುರಿದ ಎರಡು ರೆಕ್ಕೆಯನ್ನೆಂದುಕೊಂಡ ಅತ್ತೆ ಘೋಷಿಸಿದಳು: "ಹೂಂ, ಎರಡೂ ಮಾಡು!"

ಕನ್ನಿಯಮ್ಮನ ಕ್ಯಾನು ನೆಲಕ್ಕಿಳಿಯಿತು. "ಅಪ್ಪೊ ನೀಂಗ ದಾನಾ, ಸಾರ್?" ನೀವೇನಾ?

"ನಾನ್ ದಾನ್," ಎಂದೆ. "ಆನಾ ಒಣ್ಣು ದಾನ್." ನಾನೇ, ಆದರೆ ಒಂದೇ. ಜೀವಮಾನದಲ್ಲಿ ನಾನಾಡಿದ ಅತ್ಯಂತ ಪ್ರಾಮಾಣಿಕ ತಮಿಳು ಅದು.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಿನ್ನು ಪಾತ್ತುಟ್ಟಾವದು ಪೋಯಿರುಕ್ಕಲಾಮೇ," ಎಂದಳಷ್ಟೆ. ನಿಂತು ನೋಡಿಯಾದರೂ ಹೋಗಬಹುದಿತ್ತಲ್ಲ.

ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಒಪ್ಪಿಸಿದೆ. ಅವಳು ಅವರೆಕಾಯಿಯ ಮೊರವನ್ನು ನನ್ನ ಕೈಗೆ ತುರುಕಿ, ವಿಭೂತಿಗಟ್ಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹಿಂದಿನ ಬೀದಿಗೆ ನಡೆದಳು. ಮೊರ ಹಿಡಿದೇ ನಾನೂ ಹಿಂಬಾಲಿಸಿದೆ. ಹಸುವಿನ ಹಣೆಗೆ ವಿಭೂತಿ ಹಚ್ಚಿ, ಬಲಗಡೆ ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಕಣ್ಮುಚ್ಚಿದಳು. ಆಮೇಲೆ ಕನ್ನಿಯಮ್ಮನ ಕೈಯನ್ನು ಸೆಳೆದು ಅದೇ ಜಾಗದಲ್ಲಿ ಒತ್ತಿಟ್ಟಳು. "ಒದೀತಿದೆ ನೋಡೇ. ಈಯೋ ಹೊತ್ತಿಗೆ ಯಾವಳಿಗೆ ಊಟ ಸೇರುತ್ತೆ? ನಿನ್ನ ಎಣಿಕೆ ತಪ್ಪು ಕಣೇ, ಪೆದ್ದಿ!" ಕನ್ನಿಯಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ; ಅಂಗೈಗೆ ತಿಳಿಯಿತು. ಅಳುತ್ತಲೇ ನಕ್ಕಳು. ನಾನು ಅಲ್ಲೇ ಕೂತು ಮೊರದ ಅವರೆಕಾಯಿ ಸುಲಿಯತೊಡಗಿದೆ.

ಉಳಿದ ದಿನವೆಲ್ಲ ಬಿದಿರುಕಡ್ಡಿಯನ್ನು ಸೀಮೆಎಣ್ಣೆಗೆ ಅದ್ದಿ ಅದ್ದಿ ರೆಕ್ಕೆಗಳ ಸಂದು ಕೆದಕಿದೆ. ಮುನುಸಾಮಿ ಇಂಜಿನ್ನಿನ ತಲೆ ಬಿಚ್ಚಿ ಒಯ್ದು, ಎರಡು ರೆಕ್ಕೆ ಬೆಸೆಸಿ, ಅರದಿಂದ ಉಜ್ಜಿ ತಂದ. ಕಾವು ಹುಟ್ಟಿಸದ ಇಂಜಿನ್ನಿಲ್ಲ, ಮನುಷ್ಯನೂ ಇಲ್ಲ. ಎಲ್ಲೋ ಒಂದಿಷ್ಟು ಸಂದು ತೆರೆದಿದ್ದರೆ ಗಾಳಿ ತನ್ನ ಕೆಲಸ ತಾನು ಮಾಡುತ್ತದೆ. ನನ್ನ ಸಂದನ್ನು ಅತ್ತೆ ತಿಳಿಯದೆಯೇ ತೆರೆದಿದ್ದಳು. ತಾನು ಕೊಟ್ಟ ಅಪ್ಪಣೆ ತಮಿಳಿನಲ್ಲಿ ಏನಾಯಿತೆಂದು ವಿವರಿಸಿದಾಗ, ಜಗುಲಿಯ ಕಂಬ ಹಿಡಿದುಕೊಂಡು ನಕ್ಕಳು.

ಸಂಜೆ ದೀಪ ಹಚ್ಚುವ ಮೊದಲೇ ಹಸು ಈಯಿತು. ಹೆಣ್ಣುಗರು.

ಮಂಗಳವಾರ ಚಿಕ್ಕಪ್ಪ ಬಂದ. ಚೀಲ ಇಳಿಸುವ ಮೊದಲೇ ಗಾಡಿಯ ಬಳಿ ಬಗ್ಗಿ, ಬೆಸುಗೆಯ ಮೇಲೆ ಬೆರಳಾಡಿಸಿದ.

"ಅಕ್ಕಾ, ಏನಿದು? ಏನಾಯ್ತು ಗಾಡಿಗೆ?"

ಅತ್ತೆ ನನ್ನತ್ತ ಒಮ್ಮೆ ನೋಡಿ, ಮೂವತ್ತು ವರ್ಷದಲ್ಲಿ ತನ್ನ ಮೊದಲ ತಮಿಳು ಪದವನ್ನು ಹೊರಗೆ ಬಿಟ್ಟಳು.

"ಮಾಡು."

"ಏನ್ ಮಾಡ್ಲಿ?" ಎಂದ ಚಿಕ್ಕಪ್ಪ.

ಕನ್ನಿಯಮ್ಮ ಬೆಳಿಗ್ಗೆ ತಂದುಕೊಟ್ಟಿದ್ದ ಮೊದಲ ಹಾಲಿನಿಂದ ಬೆಲ್ಲ, ಏಲಕ್ಕಿ ಹಾಕಿ ಮಾಡಿದ ಗಿಣ್ಣಿನ ಬಟ್ಟಲನ್ನು ಅತ್ತೆ ಅವನ ಕೈಗಿಟ್ಟಳು.

"ಮೊದ್ಲು ಇದನ್ನ ತಿನ್ನು," ಎಂದಳು.