ಮೊದಲ ಬಾಣ ಮಾಸ್ತರದು

ಮೊನ್ನೆ ಕಲಬುರಗಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಗಾಜು ಒಡೆದ ನನ್ನ ಫೋನನ್ನು ಅಂಗಡಿಯವನು ಬಿಸಿ ತಗಡಿನ ಮೇಲಿಟ್ಟು ಕಾಯಿಸುತ್ತಿದ್ದ. ಒಳಗಿನ ಅಂಟು ಸಡಿಲಾಗುವವರೆಗೆ ಕಾಯಬೇಕಂತೆ. ಸ್ವಲ್ಪ ಹೊತ್ತಿಗೆ ಕಾದ ಅಂಟಿನ ವಾಸನೆ ಮೂಗಿಗೆ ಬಂತು. ಗಂಟಲಿಗೆ ಹತ್ತಿಕೊಳ್ಳುವಂಥ ವಾಸನೆ. ಇಡೀ ದಿನ ಆಫೀಸಿನಲ್ಲಿ ಕೂತು ಸಾಕಾಗಿ ಬಂದಿದ್ದೆ, ಕಣ್ಣು ತಾನಾಗಿಯೇ ಮುಚ್ಚಿತು. ಜೇವರ್ಗಿಯ ಒಂದು ಅಡುಗೆಮನೆ, ಸೀಮೆಎಣ್ಣೆ ಸ್ಟೋವಿನ ಮುಂದೆ ಕುಕ್ಕರುಗಾಲಲ್ಲಿ ಕೂತ ನಮ್ಮ ಡ್ರಿಲ್ ಮಾಸ್ತರು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹೈಸ್ಕೂಲಿನಲ್ಲಿದ್ದೆ. ಮಾಸ್ತರು ಆಳಂದದಿಂದ ವರ್ಗವಾಗಿ ನಮ್ಮ ಶಾಲೆಗೆ ಬಂದಿದ್ದರು. ಬರುವಾಗ ಟ್ರಂಕಿನ ಜೊತೆ ಉದ್ದನೆಯ ಗೋಣಿಚೀಲದ ಗಂಟೊಂದನ್ನು ತಂದಿದ್ದರು. ಅದರಲ್ಲಿ ಬಿಲ್ಲುಗಳಿದ್ದವು. ಜೇವರ್ಗಿಯಲ್ಲಿ ಹೆಣ್ಣುಮಕ್ಕಳ ಕೈಗೆ ಬಿಲ್ಲು ಕೊಟ್ಟ ಮೊದಲಿಗರು ಅವರೇ ಇರಬೇಕು. ನಾವು ಮೂವರು ಹುಡುಗಿಯರು ಕಲಿಯಲು ಮುಂದೆ ಬಂದೆವು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಅವರ ದಣಿವು. ಯಾವ ಮಾಸ್ತರು ರಜೆ ಹಾಕಿದರೂ ಆ ತರಗತಿ ಇವರ ತಲೆಗೆ. ಮಕ್ಕಳ ಗಣತಿ ಬಂದರೆ ಇವರು, ಚುನಾವಣೆ ಬಂದರೆ ಇವರು, ಪೋಲಿಯೋ ಹನಿಗೂ ಇವರೇ. ಸಂಜೆ ಮೈದಾನಕ್ಕೆ ಬರುವ ಹೊತ್ತಿಗೆ ಮುಖ ಬಾಡಿರುತ್ತಿತ್ತು. ಮಾತು ಕಡಿಮೆ. ನಮ್ಮ ಅಭ್ಯಾಸ ಮುಗಿದು, ಕರಿಮಣ್ಣಿನ ಮೈದಾನ ಖಾಲಿಯಾದ ಮೇಲೆ, ತಾವೊಬ್ಬರೇ ನಿಂತು ಒಂದಷ್ಟು ಬಾಣ ಬಿಡುತ್ತಿದ್ದರು. ಹೆದೆ ಗಲ್ಲಕ್ಕೆ ತಾಗಿದಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ದಿನವೆಲ್ಲ ಅದೊಂದು ಗಳಿಗೆಗಾಗಿಯೇ ಬದುಕಿದ್ದಾರೆ ಅನ್ನಿಸುತ್ತಿತ್ತು. ನಾವು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನೋಡುತ್ತ ನಿಂತಿರುತ್ತಿದ್ದೆವು.

ನಮ್ಮ ಬಾಣಗಳು ಬಿದಿರಿನವು. ಬಿಸಿಲಿಗೆ ಸೊಟ್ಟಗಾಗುತ್ತಿದ್ದವು. ಒಮ್ಮೆ ಮಾಸ್ತರು ಯಾವುದೋ ತರಬೇತಿ ಶಿಬಿರಕ್ಕೆ ಹೋದಾಗ, ಅಲ್ಲಿನ ಆಟಗಾರರು ಹಳತಾಯಿತೆಂದು ಬಿಟ್ಟ ಕಾರ್ಬನ್ ಬಾಣಗಳನ್ನು ಕೇಳಿ ತಂದರು. ಕಪ್ಪಗೆ, ಪೆನ್ಸಿಲಿನಂತೆ ನಯವಾಗಿ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಆದರೆ ಅವು ಎತ್ತರದ ಗಂಡಸರ ಬಾಣಗಳು. ನಮ್ಮ ಕೈಗೆ ಉದ್ದವಾಗುತ್ತಿದ್ದವು, ಮುಂದಿನ ತುದಿ ಕತ್ತರಿಸಬೇಕಿತ್ತು. ಕತ್ತರಿಸಬೇಕೆಂದರೆ ಮೊದಲು ಬಾಣದ ಬಾಯಿಯೊಳಗೆ ಅಂಟು ಹಾಕಿ ಕೂರಿಸಿದ ಬುಷ್ ಬಿಚ್ಚಬೇಕು. ಬುಷ್ ಅಂದರೆ ಮೊನೆಯನ್ನು ತಿರುಗಿಸಿ ಕೂರಿಸುವ ಸಣ್ಣ ಲೋಹದ ತುಣುಕು.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲೇ ಆ ಕೆಲಸ. ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಸ್ಟೋವು ಬಿಟ್ಟುಕೊಡಬೇಕಲ್ಲ ಎಂದು ಕಾಕು ಬೆಳಗ್ಗೆಯೇ ರೊಟ್ಟಿ ಬಡಿದಿಟ್ಟಿರುತ್ತಿದ್ದರು. ಮಾಸ್ತರು ಬುಷ್‌ಗೆ ಮೊನೆಯನ್ನು ತಿರುಗಿಸಿ ಬಿಗಿದು, ಆ ಮೊನೆಯನ್ನಷ್ಟೇ ಉರಿಗೆ ತೋರಿಸುತ್ತಿದ್ದರು. ಲೋಹದ ಬಿಸಿ ಒಳಕ್ಕೆ ಇಳಿದು ಅಂಟು ಮೆತ್ತಗಾದಾಗ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುವುತ್ತ ಎಳೆದರೆ ಬುಷ್ ಹೊರಗೆ ಬರುತ್ತಿತ್ತು.

"ಕಾಯಿಸೂದು ಮೊನಿ ಅಷ್ಟಬೇ, ಬಾಣದ ಕೊಳವಿಗೆ ಉರಿ ತಾಗಬಾರದು," ಎನ್ನುತ್ತಿದ್ದರು. "ತಾಗಿದ್ರ ಒಳಗ ಸುಡ್ತದ. ಮ್ಯಾಲೆ ಏನೂ ಕಾಣಂಗಿಲ್ಲ. ಬಿಲ್ಲಿಗೆ ಹಚ್ಚಿ ಬಿಟ್ಟಾಗ ಒಡದು ಕೈಯಾಗ ಹೋಗ್ತದ."

ಕತ್ತರಿಸಿ, ಬುಷ್ಷನ್ನು ಮತ್ತೆ ಕೂರಿಸಿ, ಪ್ರತಿ ಬಾಣವನ್ನೂ ಕಿವಿಯ ಹತ್ತಿರ ಹಿಡಿದು ಬಾಗಿಸಿ ಸಪ್ಪಳ ಕೇಳುತ್ತಿದ್ದರು. ಆಮೇಲೆ ಅವರವರ ಬಣ್ಣದ ದಾರ ಸುತ್ತುತ್ತಿದ್ದರು. ನನ್ನದು ಕೆಂಪು ದಾರ. ಆದರೂ ನೇರವಾಗಿ ನಮ್ಮ ಕೈಗೆ ಕೊಡುತ್ತಿರಲಿಲ್ಲ. ತಯಾರಾದ ಪ್ರತಿಯೊಂದು ಬಾಣವನ್ನೂ ಮೊದಲು ತಾವೇ ಬಿಡುತ್ತಿದ್ದರು. ಗುರಿಹಲಗೆಯಿಂದ ಕಿತ್ತು ತಂದು ಮತ್ತೊಮ್ಮೆ ಬಾಗಿಸಿ ನೋಡಿ, ಆಮೇಲೆ ಕೊಡುತ್ತಿದ್ದರು.

ಗುಲ್ಬರ್ಗಾದಲ್ಲಿ ಜಿಲ್ಲಾ ತಂಡದ ಆಯ್ಕೆಯ ಸ್ಪರ್ಧೆ ಹತ್ತಿರ ಬಂದಿತ್ತು. ಆ ವಾರ ಮಾಸ್ತರು ಯಡ್ರಾಮಿ ಕಡೆಯ ಹಳ್ಳಿಗಳಲ್ಲಿ ಚುನಾವಣೆ ಕೆಲಸಕ್ಕೆ ಹೋಗಿ, ಸರಿಯಾಗಿ ನಿದ್ದೆಯಿಲ್ಲದೆ ವಾಪಸಾಗಿದ್ದರು. ಮಲಗಿರೆಂದು ಕಾಕು ಹೇಳಿದರೂ ಕೇಳದೆ ಉಳಿದ ಬಾಣಗಳನ್ನು ಹಿಡಿದು ಸ್ಟೋವಿನ ಮುಂದೆ ಕೂತರು. ಸಂಜೆ ಮೈದಾನದಲ್ಲಿ, ಕೆಂಪು ದಾರದ ಬಾಣವೊಂದನ್ನು ಹೆದೆಗೆ ಹಚ್ಚಿ ಎಳೆದು ಬಿಟ್ಟರು. ಒಣ ಕಡ್ಡಿ ಮುರಿದಂಥ ಸಪ್ಪಳ. ಬಾಣ ಗುರಿಗೆ ಹೋಗಲಿಲ್ಲ. ಬಿಲ್ಲು ಕೆಳಗೆ ಬಿತ್ತು. ಮಾಸ್ತರು ಎಡಗೈಯನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಕೂತರು. ಹೆಬ್ಬೆರಳಿನ ಬುಡದಲ್ಲಿ ಕಪ್ಪು ಸಿಬಿರುಗಳು ಹೊಕ್ಕಿದ್ದವು.

"ದೂರ ನಿಂದರ್ರಿ, ನೀವ್ಯಾರೂ ಮುಟ್ಟಬ್ಯಾಡ್ರಿ," ಎಂದಷ್ಟೇ ಹೇಳಿದರು.

ಜೇವರ್ಗಿ ದವಾಖಾನೆಯವರು ಗುಲ್ಬರ್ಗಾಕ್ಕೆ ಕಳಿಸಿದರು. ಕಾರ್ಬನ್ ಸಿಬಿರು ಎಕ್ಸ್‌ರೇಯಲ್ಲೂ ಕಾಣಲಿಲ್ಲವಂತೆ. ಹುಡುಕಿ ಹುಡುಕಿ ತೆಗೆದರು. ಗಾಯ ಕೀವು ತುಂಬಿ ಮತ್ತೆ ಕೊಯ್ಯಬೇಕಾಯಿತು. ಕೊನೆಗೆ ಹೆಬ್ಬೆರಳು ಮಡಚಲು ಬಾರದಂತೆ ಬಿಗಿದುಕೊಂಡಿತು. ಬಿಲ್ಲು ಹಿಡಿಯುವ ಕೈ ಅದು...

ಸುದ್ದಿ ತಿಳಿದದ್ದೇ ಅಪ್ಪ ನನ್ನನ್ನು ಮೈದಾನಕ್ಕೆ ಕಳಿಸುವುದು ನಿಲ್ಲಿಸಿಬಿಟ್ಟರು. ಅವರದು ತೊಗರಿ ವ್ಯಾಪಾರ, ಒಮ್ಮೆ ಬೇಡ ಅಂದರೆ ಮುಗಿಯಿತು. ದವಾಖಾನೆಯಿಂದ ಬಂದ ವಾರದಲ್ಲೇ ಮಾಸ್ತರು ಕೊರಳಿಗೆ ಕೈ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಅಪ್ಪನ ಎದುರು ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಾಸ್ತರ್ರ, ಆ ಬಾಣ ನನ್ನ ಮಗಳ ಕೈಯಾಗ ಒಡದಿದ್ರ ಏನ್ರಿ ಗತಿ?" ಎಂದರು ಅಪ್ಪ.

"ಅದು ನಿಮ್ಮ ಮಗಳಿಗಂತನೇ ಮಾಡಿದ್ದ ಬಾಣರಿ," ಎಂದರು ಮಾಸ್ತರು. ಮುಚ್ಚಿಡಲಿಲ್ಲ. "ತಪ್ಪು ನಂದ. ಕಾಯಿಸೂವಾಗ ಒಂದು ಗಳಿಗಿ ಕಣ್ಣು ಹತ್ತಿತ್ತು. ಅದಕ್ಕಂತನೇ ಮೊದಲು ನಾನ ಹೊಡೆಯೂದ್ರಿ. ಹುಡ್ಗ್ಯಾರ ಕೈ ಅವು, ಮುಂದ ಏನೇನು ಮಾಡೂವು ಅವ."

ಮಾಸ್ತರೇ ಮತ್ತೆ ಹೇಳಿದರು:

"ಇನ್ನ ಆ ಬಾಣ ಮುಟ್ಟಸಂಗಿಲ್ಲರಿ. ಬಿದಿರಿನವೇ ಸಾಕು. ಹುಡುಗಿ ಕಣ್ಣು ಚಲೋ ಅದ, ನಿಂದ್ರಸಬ್ಯಾಡ್ರಿ."

ಅಷ್ಟರಲ್ಲಿ ಅವ್ವ ಚಹಾ ತಂದಿಟ್ಟಳು. ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಕುಡಿಯುವುದು ಮಾಸ್ತರ ರೂಢಿ, ಒಂದೇ ಕೈಯಲ್ಲಿ ಆಗಲಿಲ್ಲ. ಕಪ್ಪು ಎತ್ತಿ, ಮತ್ತೆ ಇಟ್ಟರು. ಅಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮುಂದಕ್ಕೆ ಸರಿದು, ತಾವೇ ಬಸಿಗೆ ಚಹಾ ಸುರುವಿ ಅವರ ಬಾಯಿಯ ಹತ್ತಿರ ಹಿಡಿದರು. ಮರುದಿನ ಸಂಜೆ ನಾನು ಮೈದಾನದಲ್ಲಿದ್ದೆ.

ಗುಲ್ಬರ್ಗಾದಲ್ಲಿ ನಾನು ಗೆದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಗೆಲ್ಲಲಿಲ್ಲ. ಗಾಳಿ ಇತ್ತು, ಬಿದಿರಿನ ಬಾಣ ಓಲಾಡಿತು, ಆಯ್ಕೆ ಕೂದಲೆಳೆಯಲ್ಲಿ ತಪ್ಪಿತು. ಬಸ್ಸಿನಲ್ಲಿ ನಾನು ಅಳುತ್ತಿದ್ದಾಗ ಮಾಸ್ತರು, "ದಣದೀ, ಮಲಕೋಬೇ. ಜೇವರ್ಗಿ ಬಂದಾಗ ಎಬ್ಬಸ್ತೇನಿ," ಎಂದರು. ಆ ಕಪ್ಪು ಬಾಣಗಳ ಕಟ್ಟು ಶಾಲೆಯ ಕೋಣೆಯಲ್ಲೇ ಉಳಿಯಿತು. ಮುಂದಿನ ವರ್ಷ ಅವರಿಗೆ ಅಫಜಲಪುರಕ್ಕೆ ವರ್ಗವಾಯಿತು. ಹೊಸದಾಗಿ ಬಂದ ಮಾಸ್ತರು ಖೋಖೋ ಆಡಿಸಿದರು...

ಬಹಳ ವರ್ಷಗಳ ನಂತರ, ಆಫೀಸಿನ ಕೆಲಸಕ್ಕೆಂದು ಹೋದಾಗ, ಅಫಜಲಪುರದ ಬಸ್‌ ನಿಲ್ದಾಣದಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ನಮಸ್ಕಾರ ಮಾಡಿದಾಗ ಕ್ಷಣ ಹೊತ್ತು ದಿಟ್ಟಿಸಿ ಗುರುತು ಹಿಡಿದರು. ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ ಎಂದು ಕೇಳಲಿಲ್ಲ. ನನ್ನ ಎಡಗೈ ಹಿಡಿದು ಹಿಂದೆ ಮುಂದೆ ಹೊರಳಿಸಿ ನೋಡಿ, "ಚಲೋ ಅದ," ಎಂದರು. ಅವರ ಬಸ್ಸು ಬಂತು, ಹೋದರು.

ಹೋದ ವರ್ಷ ಅಂದೋಲಾದಲ್ಲಿ ಒಂದು ಮದುವೆಯಲ್ಲಿ ಕಾಕು ಭೇಟಿಯಾದರು. ಮಾಸ್ತರು ಹೇಗಿದ್ದಾರೆಂದು ಕೇಳಿದೆ. "ಹೋಗಿಬಿಟ್ರಲ್ಲಬೇ, ನಿನಗ ಯಾರೂ ಹೇಳಲಿಲ್ಲೇನು?" ಎಂದರು. ಸುತ್ತಲೂ ಊಟದ ಗದ್ದಲ. ಕಾಕು ತಾವಾಗಿಯೇ ಹೇಳಿದರು: "ಕೊನಿಕೊನಿಗೆ ಸಂಜಿಮುಂದ ಅಂಗಳದಾಗ ನಿಂತು ಎಡಗೈ ಚಾಚತಿದ್ರು, ಬಲಗೈ ಗಲ್ಲಕ್ಕ ತರತಿದ್ರು. ಬಿಲ್ಲಿಲ್ಲ, ಏನಿಲ್ಲ. ಹಂಗ ನಿಂತಾಗ ಮಾತಾಡಸಬಾರದು ಅಂತ ನಾ ಒಳಗ ಹೋಗ್ತಿದ್ದೆ."

ಈಗ ನನಗೆ ಆಗಿನ ಮಾಸ್ತರಷ್ಟೇ ವಯಸ್ಸಾಗಿರಬೇಕು. ಸಂಜೆ ಮನೆಗೆ ಬಂದು ಕುರ್ಚಿಗೆ ಒರಗಿದರೆ ಮತ್ತೆ ಏಳಲು ಮನಸ್ಸಾಗುವುದಿಲ್ಲ. ಇಷ್ಟೇ ದಣಿದ ಮನುಷ್ಯ ಎದ್ದು ಮೈದಾನಕ್ಕೆ ಹೇಗೆ ಬರುತ್ತಿದ್ದರು, ಯಾಕೆ ಬರುತ್ತಿದ್ದರು ಎಂದು ಕೇಳಬೇಕೆನ್ನಿಸುತ್ತದೆ. ಕೇಳಲು ಅವರಿಲ್ಲ.